ಓದುಗರ ಪ್ರಶ್ನೆ: ಹಲ್ಲಿನ ತಿರುಳಿನ ಸ್ಟೆಮ್ ಸೆಲ್

ಹಾಲುಹಲ್ಲು ಮತ್ತು ಬುದ್ಧಿಹಲ್ಲಿನ ತಿರುಳಿನಿಂದ ಸಿಗುವ ಸ್ಟೆಮ್ ಸೆಲ್ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ತಿರುಳು ಎಂದರೆ ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೆತ್ತನೆಯ ಭಾಗ; ಸ್ಟೆಮ್ ಸೆಲ್ ಎಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ.

*

ಪ್ರಶ್ನೆ: ಮಗಳಿಗೆ ಆರೂವರೆ ವರ್ಷ. ಕೆಳಗಿನ ಎರಡು ಹಲ್ಲು ಅಲುಗಾಡುತ್ತಾ ಉಂಟು. ಹಾಲುಹಲ್ಲಿನ ಸ್ಟೆಮ್ ಸೆಲ್ ತೆಗೆದಿಟ್ಟರೆ ಮುಂದೆ ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಎಲ್ಲದಕ್ಕೂ ಆಗುತ್ತದೆ ಎಂದು ಒಂದು ಕಂಪನಿಯವರು ಪದೇ ಪದೇ ಫೋನ್ ಮಾಡುತ್ತಿದ್ದಾರೆ. ಕೇಳುವ ಹಣ ಸಣ್ಣದಲ್ಲ. ಸೆಗಣಿಯಲ್ಲಿ ಸುತ್ತಿ ಮಾಡಿಗೆ ಬಿಸಾಡುವ ಹಲ್ಲಿಗೆ ಇಷ್ಟು ದುಡ್ಡಾ ಎಂದು ಅತ್ತೆ ಕೇಳುತ್ತಾರೆ. ಯಾರ ಮಾತು ಕೇಳುವುದು?
– ಗೃಹಿಣಿ, ಸುರತ್ಕಲ್

ಉತ್ತರ: ಹಣ ಕೊಡಬೇಡಿ. ನಮ್ಮ ದೇಶದಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಇದೆ. ಅದರ ಪ್ರಕಾರ ಬ್ಯಾಂಕಿಂಗ್‌ಗೆ ಅಂದರೆ ಮುಂದಿನ ಬಳಕೆಗೆ ಕೂಡಿಡಲು, ಅನುಮತಿ ಇರುವುದು ಹೊಕ್ಕುಳಬಳ್ಳಿಯ ರಕ್ತಕ್ಕೆ ಮಾತ್ರ. ಹಲ್ಲಿನ ತಿರುಳು, ಕೊಬ್ಬು, ಮುಟ್ಟಿನ ರಕ್ತ ಇವುಗಳನ್ನು ವಾಣಿಜ್ಯವಾಗಿ ಕೂಡಿಡಲು ಆ ಮಾರ್ಗಸೂಚಿ ಒಪ್ಪುವುದಿಲ್ಲ. ಫೋನ್ ಮಾಡಿದವರಲ್ಲಿ ಒಂದೇ ಮಾತು ಕೇಳಿ: ‘ಹಲ್ಲಿನ ತಿರುಳು ಕೂಡಿಡಲು ನಿಮಗೆ ಇರುವ ಪರವಾನಗಿಯ ಪ್ರತಿ ಕಳಿಸಿ.’

ಹಾಗೆಂದು ಹಾಲುಹಲ್ಲಿನಲ್ಲಿ ಸ್ಟೆಮ್ ಸೆಲ್ ಇರುವುದು ಸುಳ್ಳಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸ್ಟಾನ್ ಗ್ರಾಂಥೋಸ್, ಸೊಂಗ್ಟಾವ್ ಶಿ ಮತ್ತು ಸಂಗಡಿಗರು ದೊಡ್ಡವರ ಬುದ್ಧಿಹಲ್ಲಿನ ತಿರುಳಿನಿಂದ ಇವನ್ನು ಬೇರ್ಪಡಿಸಿ 2000ದಲ್ಲಿ ಪ್ರಕಟಿಸಿದರು. 2003ರಲ್ಲಿ ಅದೇ ಗುಂಪು ಉದುರುವ ಹಾಲುಹಲ್ಲಿನಲ್ಲೂ ಇವೆ ಎಂದು ತೋರಿಸಿತು. ಆ ಕೆಲಸದಲ್ಲಿ ಒಂದು ಬಾಚಿಹಲ್ಲಿನಿಂದ ತಟ್ಟೆಗೆ ಅಂಟಿ ಗುಂಪು ಕಟ್ಟುವ ಕೋಶಗಳು ಸಿಕ್ಕಿದ್ದು ಸುಮಾರು 12ರಿಂದ 20. ಲಕ್ಷವಲ್ಲ, ಸಾವಿರವೂ ಅಲ್ಲ. ಅವನ್ನು ವಾರಗಟ್ಟಲೆ ಬೆಳೆಸಿದ ಮೇಲೆಯೇ ಬಳಕೆಯ ಮಾತು. ಬೆಳೆಸಿದಷ್ಟೂ ಅವು ಮುದಿಯಾಗುತ್ತವೆ, ಸೋಂಕು ತಗಲುವ ಅವಕಾಶವೂ ಹೆಚ್ಚುತ್ತದೆ.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ. ವಾರಗಟ್ಟಲೆ ಅಲುಗಾಡಿ, ನಾಲಿಗೆಯಿಂದ ತಳ್ಳಿ ತಳ್ಳಿ ತಾನಾಗಿ ಬಿದ್ದ ಹಲ್ಲಿನಲ್ಲಿ ಜೀವಂತ ತಿರುಳು ಬಹುಮಟ್ಟಿಗೆ ಉಳಿದಿರುವುದಿಲ್ಲ. ಬೇರು ಕರಗಿ ರಕ್ತ ಪೂರೈಕೆ ಕಡಿದಿರುತ್ತದೆ, ತೆರೆದ ತುದಿಯಿಂದ ಬಾಯಿಯ ಬ್ಯಾಕ್ಟೀರಿಯಾ ಒಳಗೆ ಹೋಗಿರುತ್ತದೆ. ಕೋಶ ಸಿಗಬೇಕಾದರೆ ಬೇರಿನ ಮೂರನೇ ಒಂದು ಭಾಗವಾದರೂ ಉಳಿದಿರುವಾಗ ದಂತವೈದ್ಯರೇ ತೆಗೆಯಬೇಕು, ತೆಗೆದಾಗ ತಿರುಳು ಕೆಂಪಾಗಿರಬೇಕು. ಬಾಚಿಹಲ್ಲು, ಕೋರೆಹಲ್ಲು ಇದಕ್ಕೆ ಆಗುತ್ತವೆ. ಹುಳುಕಾದ, ತಿರುಳಿಗೆ ಚಿಕಿತ್ಸೆಯಾದ ಹಲ್ಲು ಆಗುವುದಿಲ್ಲ. ತಾನಾಗಿ ಬೀಳಬೇಕಾದ ಹಲ್ಲನ್ನು ಕೂಡಿಡುವ ಆಸೆಗಾಗಿ ಮೊದಲೇ ಕೀಳಿಸಿದರೆ ಹಿಂದಿನ ಹಲ್ಲು ಮುಂದೆ ಸರಿದು, ಹೊಸ ಹಲ್ಲಿಗೆ ಜಾಗ ಕಡಿಮೆಯಾಗಬಹುದು. ಮಗುವಿಗೆ ಆಗುವ ಈ ನಷ್ಟ ಇವತ್ತಿನದು. ಲಾಭ ಎಂದೋ ಬರಬಹುದು, ಬಾರದೆಯೂ ಇರಬಹುದು.

ಹಲ್ಲನ್ನು ಮಾಡಿಗೇ ಬಿಸಾಡಿ. ಆ ಹಣದಲ್ಲಿ ಹೊಸದಾಗಿ ಬರುವ ಆರನೇ ವರ್ಷದ ದವಡೆಹಲ್ಲಿನ ಗುಳಿಗಳಿಗೆ ಸೀಲೆಂಟ್ (ಹುಳುಕು ತಡೆಯುವ ತೆಳು ಲೇಪ) ಹಾಕಿಸಿ. ಬದುಕಿರುವ ತಿರುಳನ್ನು ಬಾಯಿಯಲ್ಲೇ ಉಳಿಸಲು ಈಗ ನಮ್ಮ ಕೈಯಲ್ಲಿರುವ ದಾರಿ ಅದು.

*

ಪ್ರಶ್ನೆ: ಬಿದ್ದ ಹಲ್ಲನ್ನು ಫ್ರಿಜ್‌ನ ಫ್ರೀಜರಿನಲ್ಲಿ ಇಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದಾ?
– ವಿದ್ಯಾರ್ಥಿನಿ, ಕಾಪು

ಉತ್ತರ: ಇಲ್ಲ. ಮನೆಯ ಫ್ರೀಜರಿನ ತಂಪು ಮೈನಸ್ 18 ಡಿಗ್ರಿಯ ಆಸುಪಾಸು. ಅಲ್ಲಿ ಕೋಶದೊಳಗಿನ ನೀರು ಹರಳುಗಟ್ಟಿ ಪೊರೆಯನ್ನು ಹರಿದುಹಾಕುತ್ತದೆ. ಕೋಶ ಬದುಕಿ ಉಳಿಯಬೇಕಾದರೆ ಶೇ. 10 ಡಿಎಂಎಸ್‌ಒ (ಕೋಶವನ್ನು ಹರಳಿನಿಂದ ಕಾಯುವ ರಾಸಾಯನಿಕ) ಇರುವ ದ್ರವದಲ್ಲಿ, ನಿಮಿಷಕ್ಕೆ 1 ಡಿಗ್ರಿಯಂತೆ ನಿಧಾನವಾಗಿ ತಂಪುಮಾಡಿ, ಕೊನೆಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಯೋ ಅದರ ಆವಿಯಲ್ಲಿಯೋ ಇಡಬೇಕು.

*

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಬುದ್ಧಿಹಲ್ಲಿನ ತಿರುಳಿನಿಂದ ಕೋಶ ಬೆಳೆಸುತ್ತಿದ್ದೇನೆ. ಅರ್ಧದಷ್ಟು ಹಲ್ಲಿನಿಂದ ಏನೂ ಬರುವುದಿಲ್ಲ. ಬಂದವುಗಳಲ್ಲೂ ಜೂನ್ ಕಳೆದ ಮೇಲೆ ಬೂಷ್ಟು ಹಿಡಿಯುತ್ತದೆ. ತಪ್ಪು ಎಲ್ಲಿ?
– ಸಂಶೋಧನಾ ವಿದ್ಯಾರ್ಥಿ, ದೇರಳಕಟ್ಟೆ

ಉತ್ತರ: ಕಾಗದಪತ್ರದಿಂದ ಶುರುಮಾಡೋಣ. ಕಿತ್ತು ಬಿಸಾಡುವ ಹಲ್ಲೇ ಆದರೂ ಸಂಸ್ಥೆಯ ನೈತಿಕ ಸಮಿತಿ ಮತ್ತು ಸ್ಟೆಮ್ ಸೆಲ್ ಸಂಶೋಧನಾ ಸಮಿತಿಯ ಒಪ್ಪಿಗೆ ಬೇಕು, ರೋಗಿಯ ಲಿಖಿತ ಸಮ್ಮತಿ ಬೇಕು. ಹದಿನೆಂಟರ ಕೆಳಗಿನವರಾದರೆ ಹೆತ್ತವರ ಸಮ್ಮತಿಯ ಜೊತೆಗೆ ಅವರದೂ ಒಪ್ಪಿಗೆ ಇರಬೇಕು.

ಮುಂದಿನದು ಹಲ್ಲಿನ ಆಯ್ಕೆ. 16ರಿಂದ 20 ವರ್ಷದವರ, ಬೇರು ಇನ್ನೂ ಪೂರ್ತಿ ಮುಚ್ಚದ, ವಸಡಿನೊಳಗೇ ಹುದುಗಿದ ಬುದ್ಧಿಹಲ್ಲು ಎಲ್ಲಕ್ಕಿಂತ ಒಳ್ಳೆಯದು. ಅದು ಬಾಯಿಯ ಗಾಳಿ, ಎಂಜಲು ಕಂಡಿರುವುದಿಲ್ಲ. ಹಲ್ಲು ನೇರ ಮಾಡಿಸಲು ತೆಗೆಸುವ ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಕೂಡ ನಡೆಯುತ್ತದೆ. ನಲವತ್ತು ದಾಟಿದವರ ಹಲ್ಲಿನಲ್ಲಿ ತಿರುಳಿನ ಕೋಣೆ ಕಿರಿದಾಗಿ ನಾರೇ ಹೆಚ್ಚಿರುತ್ತದೆ. ಅಲ್ಲಿಂದ ಏನೂ ಬಾರದಿದ್ದರೆ ಅದು ನಿಮ್ಮ ಕೈಯ ತಪ್ಪಲ್ಲ.

ಕೀಳುವ ಮೊದಲು ರೋಗಿಗೆ ಶೇ. 0.2 ಕ್ಲೋರ್‌ಹೆಕ್ಸಿಡಿನ್‌ನಿಂದ ಒಂದು ನಿಮಿಷ ಬಾಯಿ ಮುಕ್ಕಳಿಸಲು ಹೇಳಿ. ಕಿತ್ತ ಹಲ್ಲು ಗಾಜ್ ಮೇಲೆ ಒಣಗಬಾರದು. ನೇರ 50 ಮಿ.ಲೀ. ಟ್ಯೂಬಿನಲ್ಲಿರುವ 15 ಮಿ.ಲೀ. ದ್ರವಕ್ಕೆ ಹೋಗಲಿ. ಆಲ್ಫಾ-ಎಂಇಎಂ (ಕೋಶ ಬೆಳೆಸುವ ಪೋಷಕ ದ್ರವ) ಅಥವಾ ಪಿಬಿಎಸ್ (ಉಪ್ಪಿನ ಬಫರ್ ದ್ರವ), ಅದರಲ್ಲಿ ಪೆನಿಸಿಲಿನ್ 100 ಯೂನಿಟ್, ಸ್ಟ್ರೆಪ್ಟೊಮೈಸಿನ್ 100 ಮೈಕ್ರೊಗ್ರಾಂ, ಆಂಫೊಟೆರಿಸಿನ್-ಬಿ 2.5 ಮೈಕ್ರೊಗ್ರಾಂ, ಇವು ಪ್ರತಿ ಮಿ.ಲೀ.ಗೆ. ಟ್ಯೂಬು 4 ಡಿಗ್ರಿಯಲ್ಲಿ ಇರಬೇಕು. ಐಸ್ ತುಂಡಿಗೆ ನೇರ ತಾಗಿಸಿದರೆ ಅಂಚಿನಲ್ಲಿ ಹೆಪ್ಪುಗಟ್ಟುತ್ತದೆ, ನಡುವೆ ಬಟ್ಟೆಯೋ ಥರ್ಮೊಕೋಲೋ ಇರಲಿ. 24 ಗಂಟೆಯೊಳಗೆ ಹಲ್ಲು ಒಡೆಯಬೇಕು. ಕಿತ್ತ ದಿನವೇ ಆದರೆ ಇನ್ನೂ ಒಳ್ಳೆಯದು.

ಏನೂ ಬಾರದ ಹಲ್ಲುಗಳ ವಿಷಯದಲ್ಲಿ ನಮಗೆ ಮೊದಲ ಸಂಶಯ ಹಲ್ಲು ಕೊಯ್ಯುವ ಹಂತದ ಮೇಲೆ. ನೀರಿಲ್ಲದೆ ಬರ್ (ಕೊರೆಯುವ ಮೊನೆ) ಓಡಿಸಿದರೆ ಡೆಂಟಿನ್ (ತಿರುಳಿನ ಸುತ್ತಲಿನ ಗಟ್ಟಿ ಪದರ) ಕಾದು, ಒಳಗಿನ ತಿರುಳು ಅಲ್ಲೇ ಬೆಂದುಹೋಗುತ್ತದೆ. ಕಣ್ಣಿಗೆ ಅದು ಸರಿಯಾಗಿಯೇ ಕಾಣಬಹುದು, ತಟ್ಟೆಗೆ ಅಂಟುವುದಿಲ್ಲ. ಕಿರೀಟವೂ ಬೇರೂ ಸೇರುವ ಗೆರೆಯಲ್ಲಿ ಸುತ್ತಲೂ ಒಂದು ತೋಡು ಮಾತ್ರ ಕೊರೆಯಿರಿ, ತಣ್ಣನೆಯ ಸ್ಟೆರೈಲ್ ಪಿಬಿಎಸ್ ಸತತವಾಗಿ ಬೀಳುತ್ತಿರಲಿ. ತಿರುಳಿನ ಕೋಣೆಗೆ ಬರ್ ಇಳಿಸಬೇಡಿ. ಉಳಿದದ್ದನ್ನು ಉಳಿಯಿಟ್ಟು ತಟ್ಟಿ ಬಿರಿಯಿಸಿ. ತೆಂಗಿನಕಾಯಿಗೆ ಸುತ್ತ ಪೆಟ್ಟು ಕೊಟ್ಟು ಹೋಳು ಮಾಡುವ ಹಾಗೆ, ತೋಡು ಸರಿಯಾಗಿದ್ದರೆ ಒಂದೆರಡು ಪೆಟ್ಟು ಸಾಕು. ತಿರುಳನ್ನು ಬಾರ್ಬ್ಡ್ ಬ್ರೋಚ್‌ನಿಂದಲೋ ಸಣ್ಣ ಚಿಮುಟದಿಂದಲೋ ಎಳೆದುಕೊಳ್ಳಿ. ಬೇರಿನ ತುದಿಯಲ್ಲಿ ಜೋತಾಡುವ ಮೆತ್ತನೆಯ ಅಂಗಾಂಶವನ್ನು ಇದರೊಂದಿಗೆ ಬೆರೆಸಬೇಡಿ. ಅದರಲ್ಲಿರುವುದು ಬೇರೆ ಬಗೆಯ ಸ್ಟೆಮ್ ಸೆಲ್, ಬೆರೆಸಿದರೆ ನಿಮ್ಮ ಫಲಿತಾಂಶಕ್ಕೆ ಅರ್ಥ ಉಳಿಯುವುದಿಲ್ಲ.

ತಿರುಳನ್ನು 1 ಮಿ.ಮೀ. ತುಂಡುಗಳಾಗಿ ಕೊಚ್ಚಿ, ಮಿ.ಲೀ.ಗೆ 3 ಮಿ.ಗ್ರಾಂ ಕೊಲಾಜಿನೇಸ್ ಟೈಪ್-1 ಮತ್ತು 4 ಮಿ.ಗ್ರಾಂ ಡಿಸ್ಪೇಸ್ ಇರುವ ದ್ರವದಲ್ಲಿ 37 ಡಿಗ್ರಿಯಲ್ಲಿಡಿ. ಅರ್ಧ ಗಂಟೆಯಿಂದಲೇ ನೋಡುತ್ತಾ ಇರಿ, ಒಂದು ಗಂಟೆ ಮೀರಬಾರದು. ಸಮಯ ಹೆಚ್ಚಾದರೆ ಕಿಣ್ವ ಕೋಶದ ಮೇಲ್ಮೈಯನ್ನೇ ತಿನ್ನುತ್ತದೆ, ಇದು ಎರಡನೇ ಸಾಮಾನ್ಯ ತಪ್ಪು. 70 ಮೈಕ್ರಾನ್ ಜರಡಿಯಲ್ಲಿ ಸೋಸಿ, ತೊಳೆದು, ಶೇ. 15-20 ಸೀರಮ್, 2 ಮಿಲಿಮೋಲಾರ್ ಗ್ಲುಟಾಮಿನ್, 100 ಮೈಕ್ರೊಮೋಲಾರ್ ಆಸ್ಕಾರ್ಬಿಕ್ ಆಮ್ಲ ಫಾಸ್ಫೇಟ್ ಇರುವ ಆಲ್ಫಾ-ಎಂಇಎಂನಲ್ಲಿ ಹಾಕಿ. ಮೊದಲ 72 ಗಂಟೆ ಫ್ಲಾಸ್ಕನ್ನು ಅಲುಗಿಸಬೇಡಿ. ದಿನಾ ಹೊರತೆಗೆದು ಮೈಕ್ರೊಸ್ಕೋಪಿನಡಿ ಇಡುವ ಆಸೆ ಎಲ್ಲರಿಗೂ ಇರುತ್ತದೆ, ಅಂಟಲು ಹೊರಟ ಕೋಶ ಅದರಿಂದಲೇ ಕಳಚಿಕೊಳ್ಳುತ್ತದೆ. ಗುಂಪು ಕಾಣಲು ಒಂದರಿಂದ ಎರಡು ವಾರ ಬೇಕು. ಶೇ. 70-80 ತುಂಬಿದಾಗ ಬಿಡಿಸಿ ಮರುಬಿತ್ತಿ. ಪೂರ್ತಿ ತುಂಬಲು ಬಿಟ್ಟರೆ ಕೋಶಗಳು ತಾವಾಗಿ ಮೂಳೆಯ ಕೋಶವಾಗುವ ಕಡೆಗೆ ವಾಲತೊಡಗುತ್ತವೆ.

ಇನ್ನು ಬೂಷ್ಟು. ನಮ್ಮ ಕರಾವಳಿಯ ಮಳೆಗಾಲಕ್ಕೆ ಲ್ಯಾಬಿನಲ್ಲಿ ಬೇರೆಯೇ ಶಿಸ್ತು ಬೇಕು. ರಟ್ಟಿನ ಪೆಟ್ಟಿಗೆಗಳನ್ನು ಕಲ್ಚರ್ ಕೋಣೆಯೊಳಗೆ ತರಲೇಬೇಡಿ. ಅವು ತೇವ ಹೀರಿ ಬೂಷ್ಟಿನ ಬೀಜಾಣು ಹರಡುತ್ತವೆ. ಇನ್‌ಕ್ಯುಬೇಟರ್‌ನ ನೀರಿನ ಟ್ರೇಯನ್ನು ವಾರಕ್ಕೊಮ್ಮೆ ಖಾಲಿಮಾಡಿ, ಒರೆಸಿ, ಸ್ಟೆರೈಲ್ ನೀರು ತುಂಬಿ. ಎಸಿಯ ಫಿಲ್ಟರ್ ಜೂನ್‌ಗೆ ಮೊದಲೇ ತೊಳೆಸಿ. ರಾತ್ರಿ ಎಸಿ ಆರಿಸಿ ಬೆಳಿಗ್ಗೆ ಹಾಕುವ ಅಭ್ಯಾಸವಿದ್ದರೆ ಬಿಡಿ, ಆ ಏರಿಳಿತದಲ್ಲಿ ಗೋಡೆಯೂ ಹುಡ್ಡಿನ ಗಾಜೂ ಬೆವರುತ್ತವೆ. ಬೂಷ್ಟು ಕಂಡ ಫ್ಲಾಸ್ಕನ್ನು ಉಳಿಸುವ ಪ್ರಯತ್ನ ಬೇಡ. ಮುಚ್ಚಳ ತೆರೆಯದೆ ಆಟೊಕ್ಲೇವಿಗೆ ಕಳಿಸಿ. ಹಲ್ಲನ್ನೇ ಒಡೆಯುವ ಮೊದಲು ಆಂಟಿಬಯೊಟಿಕ್ ಇರುವ ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯಿರಿ. ಕಣ್ಣಿಗೆ ಕಾಣದ ಮೈಕೊಪ್ಲಾಸ್ಮಕ್ಕೆ ಪಿಸಿಆರ್ ಪರೀಕ್ಷೆ ತಿಂಗಳಿಗೊಮ್ಮೆಯಾದರೂ ಆಗಲಿ.

ಬೆಳೆದದ್ದೆಲ್ಲ ಸ್ಟೆಮ್ ಸೆಲ್ ಎಂದು ಬರೆದುಕೊಳ್ಳಬೇಡಿ. 2006ರಲ್ಲಿ ಅಂತಾರಾಷ್ಟ್ರೀಯ ಕೋಶಚಿಕಿತ್ಸಾ ಸಂಘ ಹಾಕಿಕೊಟ್ಟ ಅಳತೆಗೋಲು ಇದು: ಕೋಶದ ಮೇಲ್ಮೈಯ ಗುರುತುಗಳಾದ ಸಿಡಿ73, ಸಿಡಿ90, ಸಿಡಿ105 ಮೂರೂ ಕಾಣುವ ಕೋಶಗಳು ಶೇ. 95ಕ್ಕಿಂತ ಕಡಿಮೆ ಇರಬಾರದು. ಸಿಡಿ34, ಸಿಡಿ45, ಎಚ್‌ಎಲ್‌ಎ-ಡಿಆರ್ ಶೇ. 2 ಮೀರಬಾರದು; ಮೂಳೆ, ಮೃದ್ವಸ್ಥಿ, ಕೊಬ್ಬು ಮೂರರ ಕಡೆಗೂ ಹೊರಳಬೇಕು. ತಿರುಳಿನ ಕೋಶಗಳು ಕೊಬ್ಬಿನ ಕಡೆಗೆ ಸೋಮಾರಿಗಳು. ಎಣ್ಣೆಹನಿ ಕಡಿಮೆ ಕಂಡರೆ ಗಾಬರಿ ಬೇಡ. ಪ್ರಯೋಗಕ್ಕೆ ಮೂರರಿಂದ ಐದನೇ ಪ್ಯಾಸೇಜಿನ (ಮರುಬಿತ್ತನೆಯ) ಕೋಶ ಬಳಸಿ. ಎಷ್ಟನೆಯದು ಎಂದು ವರದಿಯಲ್ಲಿ ಬರೆಯಲೇಬೇಕು.

*

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಕ್ರಿಕೆಟ್ ಆಡುವಾಗ ಮೇಲಿನ ಮುಂದಿನ ಹಲ್ಲಿಗೆ ಚೆಂಡು ಬಡಿದು, ಹಲ್ಲು ಈಗ ಬೂದುಬಣ್ಣಕ್ಕೆ ತಿರುಗಿದೆ. ಬೇರು ಪೂರ್ತಿ ಬೆಳೆದಿಲ್ಲ, ‘ರಿವ್ಯಾಸ್ಕುಲರೈಸೇಶನ್’ ಮಾಡುವ ಎಂದು ಡಾಕ್ಟ್ರು ಹೇಳಿದ್ದಾರೆ. ಇದೂ ಸ್ಟೆಮ್ ಸೆಲ್ ಚಿಕಿತ್ಸೆಯಾ? ಮಾಡಿಸಬಹುದಾ?
– ತಂದೆ, ಕಾರ್ಕಳ

ಉತ್ತರ: ಹೌದು, ಮಾಡಿಸಬಹುದು. ತಿರುಳಿನ ಸ್ಟೆಮ್ ಸೆಲ್ ಬಗ್ಗೆ ಇಷ್ಟು ಮಾತು ನಡೆಯುವಾಗ, ಮಗುವಿನ ದೇಹದ್ದೇ ಕೋಶವನ್ನು ಅಲ್ಲೇ ಕೆಲಸಕ್ಕೆ ಹಚ್ಚುವ ಈ ಚಿಕಿತ್ಸೆ ಹೆಚ್ಚಿನವರ ಕಿವಿಗೆ ಬಿದ್ದಿರುವುದಿಲ್ಲ. ಹೊರಗಿನಿಂದ ಏನನ್ನೂ ಬೆಳೆಸಿ ತರುವುದಿಲ್ಲ, ಹಾಗಾಗಿ ವಿಶೇಷ ಪರವಾನಗಿಯ ಪ್ರಶ್ನೆಯೂ ಇಲ್ಲ. ಮಕ್ಕಳ ದಂತವೈದ್ಯರು ಅಥವಾ ರೂಟ್ ಕೆನಾಲ್ ತಜ್ಞರು ಮಾಡುತ್ತಾರೆ. ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ಈ ಎರಡೂ ವಿಭಾಗಗಳು ಇವೆ.

ಒಂಬತ್ತು ವರ್ಷಕ್ಕೆ ಆ ಹಲ್ಲಿನ ಬೇರಿನ ಗೋಡೆ ತೆಳ್ಳಗೆ, ತುದಿ ತೆರೆದೇ ಇರುತ್ತದೆ. ಸಾಮಾನ್ಯ ರೂಟ್ ಕೆನಾಲ್ ಮಾಡಿದರೆ ಗೋಡೆ ಹಾಗೇ ತೆಳ್ಳಗೆ ಉಳಿದು, ಮುಂದೆ ಸಣ್ಣ ಪೆಟ್ಟಿಗೂ ಮುರಿಯಬಹುದು. ಬೇರಿನ ತುದಿಯಾಚೆ ಸ್ಟೆಮ್ ಸೆಲ್ ತುಂಬಿದ ಮೆತ್ತನೆಯ ಅಂಗಾಂಶ ಇರುತ್ತದೆ. ಅದನ್ನು ಒಳಕ್ಕೆ ಕರೆತರುವುದೇ ಇಲ್ಲಿನ ಉದ್ದೇಶ.

ಮೊದಲ ಭೇಟಿಯಲ್ಲಿ ನಾಳವನ್ನು ಶೇ. 1.5 ಸೋಡಿಯಂ ಹೈಪೊಕ್ಲೋರೈಟ್ 20 ಮಿ.ಲೀ.ನಿಂದ ಐದು ನಿಮಿಷ ನಿಧಾನವಾಗಿ ತೊಳೆಯುತ್ತಾರೆ, ಆಮೇಲೆ ಸಲೈನ್ ಅಥವಾ ಇಡಿಟಿಎ ಎಂಬ ತೊಳೆಯುವ ದ್ರವ. ಸಾಮಾನ್ಯ ರೂಟ್ ಕೆನಾಲಿಗೆ ಬಳಸುವ ಶೇ. 5ರ ಹೈಪೊಕ್ಲೋರೈಟ್ ಇಲ್ಲಿ ಬೇಡ, ಉಳಿಸಬೇಕಾದ ಕೋಶವನ್ನೇ ಅದು ಕೊಲ್ಲುತ್ತದೆ. ಗೋಡೆಯನ್ನು ಫೈಲಿನಿಂದ ಕೆರೆಯುವುದಿಲ್ಲ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಥವಾ ತೆಳುವಾದ ಆಂಟಿಬಯೊಟಿಕ್ ಲೇಪ ಇಟ್ಟು ಮುಚ್ಚುತ್ತಾರೆ. ಆ ಲೇಪದಲ್ಲಿ ಮಿನೊಸೈಕ್ಲಿನ್ ಇದ್ದರೆ ಹಲ್ಲು ಕಪ್ಪಾಗುತ್ತದೆ. ಮುಂದಿನ ಹಲ್ಲಾದ್ದರಿಂದ ಇದನ್ನು ಡಾಕ್ಟ್ರಲ್ಲಿ ಕೇಳಿಕೊಳ್ಳಿ.

ಒಂದರಿಂದ ನಾಲ್ಕು ವಾರ ಕಳೆದು, ನೋವು, ಬಾವು, ಕೀವು ಇಲ್ಲದಿದ್ದರೆ ಎರಡನೇ ಭೇಟಿ. ಈ ಸಲ ಅಡ್ರಿನಲಿನ್ ಇಲ್ಲದ ಮರಗಟ್ಟುವ ಮದ್ದೇ ಬೇಕು, ಅಡ್ರಿನಲಿನ್ ರಕ್ತನಾಳ ಕುಗ್ಗಿಸಿದರೆ ರಕ್ತವೇ ಬರುವುದಿಲ್ಲ. ಶೇ. 17 ಇಡಿಟಿಎಯಿಂದ ತೊಳೆದಾಗ ಡೆಂಟಿನ್‌ನಲ್ಲಿ ಅಡಗಿರುವ ಬೆಳವಣಿಗೆಯ ಅಂಶಗಳು ಹೊರಬರುತ್ತವೆ. ನಂತರ ಬಾಗಿಸಿದ ಫೈಲನ್ನು ತುದಿಯಿಂದ 2 ಮಿ.ಮೀ. ಆಚೆ ದಾಟಿಸಿ ರಕ್ತ ಬರಿಸಿ, ನಾಳ ತುಂಬಿ ಹೆಪ್ಪುಗಟ್ಟಲು ಬಿಡುತ್ತಾರೆ. ಅದರ ಮೇಲೆ ಸುಮಾರು 3 ಮಿ.ಮೀ. ಎಂಟಿಎ ಅಥವಾ ಬಯೊಡೆಂಟಿನ್ ಎಂಬ ಮುಚ್ಚುವ ವಸ್ತು, ಅದರ ಮೇಲೆ ಸಿಮೆಂಟು. ಹೆಪ್ಪು ಗಟ್ಟಿಯಾಗಿಲ್ಲದಿದ್ದರೆ ಎಂಟಿಎ ಒಳಗೆ ಕುಸಿಯುತ್ತದೆ, ಅದಕ್ಕೆ ಕೆಲವರು ಕೊಲಾಜನ್ ತುಂಡು ಇಡುತ್ತಾರೆ.

ಬೇರಿನ ತುದಿಯ ಕಪ್ಪು ನೆರಳು ಎಕ್ಸ್‌ರೇಯಲ್ಲಿ 6ರಿಂದ 12 ತಿಂಗಳಲ್ಲಿ ಮಾಯಬೇಕು. ಗೋಡೆ ದಪ್ಪವಾಗುವುದು ಕಾಣಲು ಒಂದರಿಂದ ಎರಡು ವರ್ಷ. ನೋವಿಲ್ಲ ಎಂದು ತಪಾಸಣೆ ತಪ್ಪಿಸಬೇಡಿ, ಒಳಗೆ ಸೋಂಕು ಮರುಕಳಿಸಿದರೆ ಮೊದಲು ಹೇಳುವುದು ಎಕ್ಸ್‌ರೇ. ಒಳಗೆ ತುಂಬುವುದು ಎಲ್ಲ ಸಲವೂ ನಿಜವಾದ ತಿರುಳಲ್ಲ, ಹಲವು ಸಲ ಮೂಳೆ, ಸಿಮೆಂಟಮ್‌ನಂಥ ಅಂಗಾಂಶ. ಆದರೂ ಹಲ್ಲು ಬಾಯಲ್ಲಿ ಉಳಿಯುತ್ತದೆ, ಒಂಬತ್ತು ವರ್ಷದ ಹುಡುಗನಿಗೆ ಅದು ದೊಡ್ಡದು.

ನಿಜವಾದ ತಿರುಳನ್ನೇ ಮರಳಿ ಪಡೆಯುವ ಪ್ರಯತ್ನಗಳೂ ನಡೆದಿವೆ. ಜಪಾನಿನಲ್ಲಿ ನಕಾಶಿಮಾ ತಂಡ ಐದು ರೋಗಿಗಳ ಮೇಲೆ ಮಾಡಿದ ಮೊದಲ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಚೀನಾದಲ್ಲಿ ಪೆಟ್ಟುಬಿದ್ದು ತಿರುಳು ಸತ್ತ ಹಲ್ಲಿನ ಮಕ್ಕಳಿಗೆ ಅವರದೇ ಹಾಲುಹಲ್ಲಿನ ಕೋಶ ಇಟ್ಟ ಪ್ರಯೋಗ 2018ರಲ್ಲಿ ಬಂತು. 26 ಮಕ್ಕಳನ್ನು ಹಳೆಯ ವಿಧಾನದ 10 ಮಕ್ಕಳೊಂದಿಗೆ ಹೋಲಿಸಿದಾಗ, ಕೋಶ ಇಟ್ಟವರಲ್ಲಿ ರಕ್ತನಾಳ, ಸಂವೇದನೆ ಎರಡೂ ಮರಳಿದ್ದವು. ಈ ಕ್ಷೇತ್ರದಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಆಸೆಯಿಂದ ನೋಡುವ ಕೆಲಸ ಇದೇ. ಆದರೆ ಅದಿನ್ನೂ ಪ್ರಯೋಗ. ನಿಮ್ಮ ಊರಿನ ಕ್ಲಿನಿಕ್ಕಿನಲ್ಲಿ ಸಿಗುವ ಚಿಕಿತ್ಸೆಯಲ್ಲ.

*

ಪ್ರಶ್ನೆ: ತಂದೆಯವರಿಗೆ ಪಾರ್ಕಿನ್ಸನ್. ಹಲ್ಲಿನ ಸ್ಟೆಮ್ ಸೆಲ್ ನರಕ್ಕೆ ಒಳ್ಳೆಯದು, ಮೂರು ಇಂಜೆಕ್ಷನ್ ಸಾಕು ಎಂದು ದೂರದ ಊರಿನ ಒಂದು ಕ್ಲಿನಿಕ್ಕಿನವರು ಹೇಳಿದ್ದಾರೆ. ಸಾಲ ಮಾಡಿಯಾದರೂ ಕೊಡಿಸುವ ಎಂದು ಅಣ್ಣ ಹೇಳುತ್ತಾರೆ.
– ಮಗಳು, ಉಡುಪಿ

ಉತ್ತರ: ಸಾಲ ಮಾಡಬೇಡಿ ಎಂದು ನಿಮ್ಮ ಅಣ್ಣನಿಗೆ ದಯವಿಟ್ಟು ಹೇಳಿ. ಭ್ರೂಣದಲ್ಲಿ ಹಲವು ನರಗಳಿಗೆ ಮೂಲವಾದ ನ್ಯೂರಲ್ ಕ್ರೆಸ್ಟ್‌ನಿಂದಲೇ ಹಲ್ಲಿನ ತಿರುಳೂ ಹುಟ್ಟುತ್ತದೆ. ಹಾಗಾಗಿ ಈ ಕೋಶಗಳು ನರಪೋಷಕ ಪ್ರೋಟೀನು ಸ್ರವಿಸುತ್ತವೆ, ತಟ್ಟೆಯಲ್ಲಿ ನರಕೋಶದಂತೆ ಕಾಣುವ ರೂಪಕ್ಕೂ ತಿರುಗುತ್ತವೆ. ಅಷ್ಟು ನಿಜ. ಅದರಿಂದ ಮನುಷ್ಯನ ಪಾರ್ಕಿನ್ಸನ್ ಗುಣವಾಗುತ್ತದೆ ಎಂಬ ಜಿಗಿತಕ್ಕೆ ಆಧಾರವಿಲ್ಲ. 2017ರ ಮಾರ್ಗಸೂಚಿ ಒಪ್ಪಿತ ಚಿಕಿತ್ಸೆ ಎಂದು ಹೆಸರಿಸಿದ್ದು ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ರಕ್ತೋತ್ಪಾದಕ ಸ್ಟೆಮ್ ಸೆಲ್ ಕಸಿ, ಅಂದರೆ ಬೋನ್ ಮ್ಯಾರೊ ಕಸಿಯ ಬಗೆ ಮಾತ್ರ. ಪಾರ್ಕಿನ್ಸನ್ ಸೇರಿ ಉಳಿದದ್ದೆಲ್ಲ ಪ್ರಯೋಗದ ಚೌಕಟ್ಟಿನೊಳಗೇ ನಡೆಯಬೇಕು ಎಂದು ಅದು ಹೇಳಿತು.

ಆ ಕ್ಲಿನಿಕ್ಕಿನವರು ‘ಇದು ಟ್ರಯಲ್’ ಎಂದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ, ಅಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಅದು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾದ ಪಟ್ಟಿ. ಕಾಯಿಲೆಯ ಹೆಸರು, ಆಸ್ಪತ್ರೆಯ ಹೆಸರು, ಕೋಶದ ಮೂಲ ಮೂರೂ ತಾಳೆಯಾಗಬೇಕು. ಮೊಣಕಾಲಿಗೆಂದು ನೋಂದಾಯಿಸಿದ ಸಂಖ್ಯೆಯನ್ನು ಪಾರ್ಕಿನ್ಸನ್‌ಗೆ ತೋರಿಸಿದರೆ ಅದು ಮೋಸ. ನೋಂದಣಿಯೊಂದೇ ಸಾಲದು, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪತ್ರವೂ ಬೇಕು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಆ ಚಿಕಿತ್ಸೆಗೆ ಹಣ ವಸೂಲಿ ಮಾಡುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ನಿಮ್ಮಲ್ಲಿ ಹಣ ಕೇಳಿದ್ದೇ ಸಾಕಷ್ಟು ಹೇಳುತ್ತದೆ. ಸರಿಯಾಗಿ ಪರೀಕ್ಷಿಸದ ಕೋಶ ರಕ್ತಕ್ಕೆ ಹೋದರೆ ಸೋಂಕು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಗೆಡ್ಡೆ ಬೆಳೆಯುವುದು, ಇಂಥ ಅಪಾಯಗಳಿವೆ. ಎಲ್ಲಕ್ಕಿಂತ ನಮಗೆ ಭಯ, ಇದರ ನಂಬಿಕೆಯಲ್ಲಿ ಈಗಿನ ಮಾತ್ರೆ ನಿಲ್ಲಿಸುವುದು. ಪಾರ್ಕಿನ್ಸನ್‌ನಲ್ಲಿ ಲೆವೊಡೋಪ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.

*

ಪ್ರಶ್ನೆ: ಮೊಮ್ಮಗಳ ಬುದ್ಧಿಹಲ್ಲು ತೆಗೆಸಲಿಕ್ಕಿದೆ. ಬಿಸಾಡುವ ಬದಲು ಸಂಶೋಧನೆಗೆ ಕೊಡಬಹುದೇ?
– ನಿವೃತ್ತ ಅಧ್ಯಾಪಕರು, ಬ್ರಹ್ಮಾವರ

ಉತ್ತರ: ಕೊಡಬಹುದು, ತುಂಬಾ ಒಳ್ಳೆಯ ಯೋಚನೆ. ಕೀಳಿಸುವ ಒಂದು ವಾರ ಮೊದಲೇ ಹತ್ತಿರದ ದಂತ ಕಾಲೇಜಿನ ಓರಲ್ ಸರ್ಜರಿ ವಿಭಾಗದಲ್ಲಿ, ತಿರುಳಿನ ಕೋಶದ ಅಧ್ಯಯನ ಏನಾದರೂ ನಡೆಯುತ್ತಿದೆಯೇ ಎಂದು ವಿಚಾರಿಸಿ. ನಡೆಯುತ್ತಿದ್ದರೆ ಸಮ್ಮತಿ ಪತ್ರ ಕೊಡುತ್ತಾರೆ. ಹಲ್ಲು ಯಾವ ಕೆಲಸಕ್ಕೆ, ಹೆಸರು ಗುಟ್ಟಾಗಿ ಇರುತ್ತದೆಯೇ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿದರೆ ಅದರ ಫಲಿತಾಂಶ ತಿಳಿಸುತ್ತಾರೆಯೇ ಎಂಬುದನ್ನು ಓದಿ ನೋಡಿ ಸಹಿ ಮಾಡಿ. ಹದಿನೆಂಟು ತುಂಬಿದ್ದರೆ ಸಹಿ ಮೊಮ್ಮಗಳದ್ದೇ ಆಗಬೇಕು, ಅಜ್ಜನದು ನಡೆಯುವುದಿಲ್ಲ. ಇದಕ್ಕೆ ಹಣ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಬಾವು ಬಂದು ನೋವಿರುವ ಹಲ್ಲಾದರೆ ಈ ಕಾರಣಕ್ಕೆ ದಿನ ಮುಂದೂಡಬೇಡಿ, ಸೋಂಕು ಹಿಡಿದ ಹಲ್ಲು ಲ್ಯಾಬಿಗೂ ಬೇಡ.